ಬಯಲುಸೀಮೆಯ ದ್ವೀಪವಾಸಿ

ಮಧುಗಿರಿಯಿಂದ ಪಾವಗಡದ ಕಡೆಗೆ ಸಾಗುವ ಹಾದಿಯಲ್ಲಿ ಮಿಡಿಗೇಶಿ ಎಂಬ ಊರಿದೆ. ನೀಳವಾದ ಕೇಶರಾಶಿಯಿದ್ದ ಅರಸಿಯೊಬ್ಬಳಿಂದ ಊರಿಗೆ ಈ ಹೆಸರು ಬಂದಿತೆಂದು ಹೇಳುವುದುಂಟು. ಊರಿನ ಪಕ್ಕದಲ್ಲಿಯೇ ಹೆಬ್ಬಂಡೆಗಳ ಬೆಟ್ಟವೊಂದು ತಲೆಯೆತ್ತಿ ನಿಂತಿದೆ. ಅದರ ಮೈಮೇಲೆ ಹಳೆಯ ಕೋಟೆಯ ಗೋಡೆಗಳು ಅಲ್ಲಲ್ಲಿ ಉಳಿದುಕೊಂಡಿವೆ. ಮಳೆಗಾಲದ ಮುಂಜಾನೆ ಈ ಸೀಮೆಯ ಯಾವ ಬೆಟ್ಟವನ್ನು ಹತ್ತಿ ನಿಂತರೂ ಕಣ್ಣಿಗೆ ಬೀಳುವ ನೋಟ ಹೆಚ್ಚು ಕಡಿಮೆ ಒಂದೇ ಬಗೆಯದು. ಕೆಳಗೆ ರಾಗಿ, ನೆಲಗಡಲೆ, ಹುರುಳಿಯ ಹೊಲಗಳು ಮಂಜಿನಲ್ಲಿ ಮುಳುಗಿರುತ್ತವೆ. ಆ ಮಂಜಿನ ಮೇಲೆ ದೂರ ದೂರದಲ್ಲಿ ಬೆಟ್ಟಗಳ ನೆತ್ತಿಗಳು ಮಾತ್ರ ತೇಲುತ್ತಿರುವಂತೆ ಕಾಣುತ್ತವೆ. ನೋಡುವವನಿಗೆ ತಾನು ಬಯಲುಸೀಮೆಯಲ್ಲಿಲ್ಲ, ಸಮುದ್ರದ ನಡುವಿನ ದ್ವೀಪವೊಂದರ ಮೇಲಿದ್ದೇನೆ ಎಂಬ ಭಾವನೆ ಬರುತ್ತದೆ.

ಈ ಭಾವನೆ ಕೇವಲ ಕವಿಕಲ್ಪನೆಯಲ್ಲ. ಸಮತಟ್ಟಾದ ನೆಲದ ನಡುವೆ ಒಂಟಿಯಾಗಿ ಎದ್ದು ನಿಂತ ಇಂಥ ಕಲ್ಲುಬೆಟ್ಟಗಳನ್ನು ಭೂವಿಜ್ಞಾನಿಗಳು ‘ಇನ್ಸೆಲ್‌ಬರ್ಗ್’ ಎಂದು ಕರೆಯುತ್ತಾರೆ. ಇದು ಜರ್ಮನ್ ಭಾಷೆಯ ಪದ. ‘ಇನ್ಸೆಲ್’ ಎಂದರೆ ದ್ವೀಪ, ‘ಬರ್ಗ್’ ಎಂದರೆ ಬೆಟ್ಟ. ಪೂರ್ವ ಆಫ್ರಿಕದ ಬಯಲುಗಳಲ್ಲಿ ಇಂಥ ಬೆಟ್ಟಗಳನ್ನು ಕಂಡ ಬೋರ್ನ್‌ಹಾರ್ಟ್ ಎಂಬ ಜರ್ಮನ್ ವಿದ್ವಾಂಸನು ಈ ಹೆಸರನ್ನು ಬಳಕೆಗೆ ತಂದನು. ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ಅನೇಕ ಬೆಟ್ಟಗಳು ಈ ದ್ವೀಪಬೆಟ್ಟಗಳ ಸಾಲಿಗೆ ಸೇರುತ್ತವೆ. ಅವುಗಳನ್ನು ದ್ವೀಪಗಳೆಂದು ಕರೆಯುವುದು ಎಷ್ಟು ಸರಿಯೆಂಬುದನ್ನು ಇಂಥ ಬೆಟ್ಟಗಳನ್ನೇ ನಂಬಿ ಬಾಳುವ ಒಂದು ಸಣ್ಣ ಹಕ್ಕಿ ನಮಗೆ ತೋರಿಸಿಕೊಡುತ್ತದೆ. ಹಳದಿ ಕೊರಳಿನ ಪಿಕಳಾರವೇ ಆ ಹಕ್ಕಿ. ಅದರ ಬಾಳು ಇಂದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ತಿಳಿಯುವ ಮೊದಲು ದ್ವೀಪದಲ್ಲಿ ಬಾಳುವುದೆಂದರೇನು ಎಂಬುದನ್ನು ಅರಿಯಬೇಕು.

ಸುತ್ತಲೂ ನೀರಿರುವ ಭೂಭಾಗಕ್ಕೆ ದ್ವೀಪವೆಂದು ಹೆಸರು. ಅಲ್ಲಿಗೆ ಹೊರಗಿನ ಜೀವಿಗಳು ಬರುವುದು ಕಷ್ಟ. ಅಲ್ಲಿಯ ಜೀವಿಗಳು ಹೊರಗೆ ಹೋಗುವುದೂ ಕಷ್ಟ. ಹೀಗೆ ಲಕ್ಷಾಂತರ ವರ್ಷ ಪ್ರತ್ಯೇಕವಾಗಿ ಉಳಿದ ಜೀವಿಗಳು ತಮ್ಮ ನೆಲೆಗೆ ಹೊಂದಿಕೊಂಡು ಬೇರೆಲ್ಲಿಯೂ ಕಾಣಸಿಗದ ಹೊಸ ಜಾತಿಗಳಾಗಿ ರೂಪುಗೊಳ್ಳುತ್ತವೆ. ನಮ್ಮ ದೇಶದಲ್ಲಿಯೇ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಅಂಡಮಾನ್ ಸಮುದ್ರದಲ್ಲಿ ನಾರ್ಕೊಂಡಮ್ ಎಂಬ ಪುಟ್ಟ ದ್ವೀಪವಿದೆ. ಅದರ ವಿಸ್ತೀರ್ಣ 7 ಚದರ ಕಿಲೋಮೀಟರಿಗಿಂತಲೂ ಕಡಿಮೆ. ನಮ್ಮ ಕಡೆಯ ಒಂದೆರಡು ಗ್ರಾಮಗಳ ಎಲ್ಲೆಯೊಳಗೆ ಅದು ಅಡಗಿಬಿಡಬಹುದು. ನಾರ್ಕೊಂಡಮ್ ಮಂಗಟ್ಟೆ ಎಂಬ ಪಕ್ಷಿಯು ಲೋಕದಲ್ಲಿ ಇರುವುದು ಆ ಒಂದು ದ್ವೀಪದಲ್ಲಿ ಮಾತ್ರ. ದೊಡ್ಡ ಮರಗಳ ಪೊಟರೆಯಲ್ಲಿ ಗೂಡು ಮಾಡಿ, ಕಾಡಿನ ಹಣ್ಣುಗಳನ್ನು ತಿಂದು ಅದು ಜೀವಿಸುತ್ತದೆ. ಆ ಕಾಡಿಗೆ ಕೇಡು ಬಂದರೆ ಅದಕ್ಕೆ ಬೇರೆ ಆಸರೆಯಿಲ್ಲ. ದ್ವೀಪದ ಮೇಲೆ ರಾಡಾರ್ ಕೇಂದ್ರವೊಂದನ್ನು ಸ್ಥಾಪಿಸುವ ಯೋಜನೆ ಬಂದಾಗ, 2012ರಲ್ಲಿ ಕೇಂದ್ರ ಸರ್ಕಾರದ ಪರಿಸರ ಸಚಿವಾಲಯವು ಈ ಹಕ್ಕಿಯ ಹಿತವನ್ನು ಎಣಿಸಿ ಅದಕ್ಕೆ ಅನುಮತಿ ನಿರಾಕರಿಸಿತು.

ದ್ವೀಪವಾಸಿಗಳ ಬಾಳು ಎಷ್ಟು ಸೂಕ್ಷ್ಮವಾದುದು ಎಂಬುದಕ್ಕೆ ಲೋಕಪ್ರಸಿದ್ಧವಾದ ಉದಾಹರಣೆ ಡೋಡೊ. ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ ಮಾತ್ರ ಇದ್ದ, ಹಾರಲಾರದ ದೊಡ್ಡ ಹಕ್ಕಿ ಅದು. 1598ರಲ್ಲಿ ಡಚ್ ನಾವಿಕರು ಆ ದ್ವೀಪಕ್ಕೆ ಬಂದಿಳಿದರು. ಅವರ ಜೊತೆಗೂ ಅವರ ಹಿಂದೆಯೂ ಹಂದಿಗಳು, ಇಲಿಗಳು, ಕೋತಿಗಳು ಬಂದವು. ನೆಲದ ಮೇಲೆ ಇಟ್ಟ ಮೊಟ್ಟೆ ಉಳಿಯಲಿಲ್ಲ. ಶತ್ರುವನ್ನೇ ಕಂಡರಿಯದ ಹಕ್ಕಿಗೆ ಓಡಿ ಪಾರಾಗುವುದು ತಿಳಿಯಲಿಲ್ಲ. ನೂರು ವರ್ಷ ತುಂಬುವುದರೊಳಗೆ ಡೋಡೊ ನಿರ್ವಂಶವಾಯಿತು. ಕಳೆದ ಐದು ಶತಮಾನಗಳಲ್ಲಿ ಭೂಮಿಯಿಂದ ಮರೆಯಾದ ಪಕ್ಷಿಜಾತಿಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ದ್ವೀಪಗಳಲ್ಲಿ ವಾಸಿಸುತ್ತಿದ್ದಂಥವು. ನೆಲೆ ಚಿಕ್ಕದು, ಸಂಖ್ಯೆ ಕಡಿಮೆ, ಓಡಿಹೋಗಲು ಬೇರೆ ಜಾಗವಿಲ್ಲ. ಈ ಮೂರೂ ಸೇರಿದಲ್ಲಿ ಸಣ್ಣ ಆಘಾತವೂ ಸರ್ವನಾಶಕ್ಕೆ ಸಾಕಾಗುತ್ತದೆ.

ದ್ವೀಪವಾಗಲು ಸುತ್ತಲೂ ನೀರೇ ಇರಬೇಕಾಗಿಲ್ಲ. ಯಾವ ಜೀವಿಗೆ ಯಾವ ನೆಲೆ ಬೇಕೋ ಆ ನೆಲೆಯ ಸುತ್ತ ಅದು ಬಾಳಲಾರದ ಪ್ರದೇಶವಿದ್ದರೆ ಸಾಕು. ಆ ಜೀವಿಯ ಪಾಲಿಗೆ ಅದು ದ್ವೀಪವೇ. ಮೀನಿಗೆ ಕೆರೆಯೊಂದು ದ್ವೀಪ. ಕಾಡಿನ ಅಳಿಲಿಗೆ ಹೊಲಗಳ ನಡುವೆ ಉಳಿದ ದೇವರ ಬನ ಒಂದು ದ್ವೀಪ. ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು 1967ರಲ್ಲಿ ದ್ವೀಪಗಳ ಜೀವಸಂಪತ್ತನ್ನು ಕುರಿತು ಒಂದು ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ದ್ವೀಪ ದೊಡ್ಡದಾದಷ್ಟೂ ಅದರಲ್ಲಿ ಉಳಿಯುವ ಜಾತಿಗಳು ಹೆಚ್ಚು; ಚಿಕ್ಕದಾದಷ್ಟೂ ಕಡಿಮೆ. ಇತರ ನೆಲೆಗಳಿಗೆ ಹತ್ತಿರವಿದ್ದರೆ ಅಳಿದ ಜೀವಿಗಳ ಸ್ಥಾನಕ್ಕೆ ಹೊಸವು ಬಂದು ಸೇರುತ್ತವೆ. ದೂರವಾದಷ್ಟೂ ಹಾಗೆ ಬಂದು ಸೇರುವುದು ಅಪರೂಪವಾಗುತ್ತದೆ. ಇದು ಆ ಸಿದ್ಧಾಂತದ ಸಾರ. ಸಮುದ್ರದ ದ್ವೀಪಗಳಿಗೆ ಹೇಳಿದ ಈ ಮಾತನ್ನು ಅನಂತರ ವಿದ್ವಾಂಸರು ಒಡೆದು ಚೂರಾದ ಕಾಡುಗಳಿಗೂ ಒಂಟಿ ಬೆಟ್ಟಗಳಿಗೂ ಅನ್ವಯಿಸಿ ನೋಡತೊಡಗಿದರು.

ಈಗ ನಮ್ಮ ಬೆಟ್ಟಗಳತ್ತ ಹೊರಳಬಹುದು. ಬಳ್ಳಾರಿ ಸೀಮೆಯಿಂದ ತೊಡಗಿ ಪಾವಗಡ, ಮಧುಗಿರಿಗಳ ಮೂಲಕ ದಕ್ಷಿಣದ ರಾಮನಗರದಾಚೆಗೂ ಕಣಶಿಲೆಯ ಉದ್ದನೆಯ ಪಟ್ಟಿಯೊಂದು ಹಬ್ಬಿದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಈ ಶಿಲೆಯನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿನಲ್ಲಿ ಕರಗಿದ್ದ ಶಿಲಾರಸವು ನಿಧಾನವಾಗಿ ಆರಿ ಗಟ್ಟಿಯಾಗಿ ಈ ಕಲ್ಲಾಯಿತು. ಮೇಲಿನ ಮೆದುವಾದ ಪದರಗಳು ಮಳೆ, ಬಿಸಿಲು, ಗಾಳಿಗಳಿಗೆ ಸವೆದುಹೋದ ಮೇಲೆ ಗಟ್ಟಿ ಕಲ್ಲು ಬೆಟ್ಟವಾಗಿ ಉಳಿಯಿತು. ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್ ಎತ್ತರದ ಮಧುಗಿರಿಯ ಏಕಶಿಲಾ ಬೆಟ್ಟ ಈ ಸಾಲಿನಲ್ಲಿ ಹೆಸರಾದುದು.

ದೂರದಿಂದ ನೋಡುವವರಿಗೆ ಈ ಬೆಟ್ಟಗಳು ಬರಿಯ ಬೋಳುಗಲ್ಲಿನಂತೆ ತೋರುತ್ತವೆ. ಹತ್ತಿರ ಹೋದರೆ ಅಲ್ಲಿ ಬೇರೆಯೇ ಒಂದು ಲೋಕವಿದೆ. ಬಂಡೆಯ ಮೇಲೆ ಬಿದ್ದ ಮಳೆ ಇಳಿಜಾರಿನಲ್ಲಿ ಹರಿದು ಬಂದು ಬುಡದ ಸಂದುಗೊಂದುಗಳಲ್ಲಿ ಇಂಗುತ್ತದೆ. ಹೀಗಾಗಿ ಬಯಲಿನ ಹೊಲ ಒಣಗಿ ಬಿರುಕು ಬಿಟ್ಟಾಗಲೂ ಬೆಟ್ಟದ ಕೊರಕಲುಗಳಲ್ಲಿ ತೇವ ಉಳಿದಿರುತ್ತದೆ. ಬಂಡೆಯ ತಗ್ಗುಗಳಲ್ಲಿ ನೀರು ನಿಂತು ದೊಣೆಗಳಾಗುತ್ತವೆ. ಹಿಂದೆ ಕೋಟೆಯ ಕಾವಲಿನವರಿಗೆ ನೀರು ಒದಗಿಸುತ್ತಿದ್ದ ದೊಣೆಗಳೇ ಕಾಡುಪ್ರಾಣಿಗಳಿಗೂ ಹಕ್ಕಿಗಳಿಗೂ ಆಸರೆ. ಬಂಡೆಗಳ ಸಂದಿನಲ್ಲಿ ಬೇರಿಳಿಸಿದ ಆಲ, ಬಸರಿ, ಅತ್ತಿಗಳು, ಇಳಿಜಾರಿನಲ್ಲಿ ಕವಳೆ, ಬಾರೆ ಮೊದಲಾದ ಮುಳ್ಳುಪೊದೆಗಳು, ನಡುನಡುವೆ ಒಣಹುಲ್ಲು. ಇವೆಲ್ಲ ಸೇರಿ ಆದ ಕುರುಚಲು ಕಾಡಿನಲ್ಲಿ ಚಿರತೆ, ಕರಡಿಗಳಿಂದ ಹಿಡಿದು ಹಲ್ಲಿ, ಚೇಳುಗಳವರೆಗೆ ನಾನಾ ಜೀವಿಗಳು ಬಾಳುತ್ತವೆ. ಹಳದಿ ಕೊರಳಿನ ಪಿಕಳಾರದ ಮನೆ ಇಂಥ ಕಾಡು.

ಪಿಕಳಾರವೆಂದರೆ ಹಳ್ಳಿಯ ಮಕ್ಕಳಿಗೆ ಅಪರಿಚಿತವಾದ ಹಕ್ಕಿಯಲ್ಲ. ಕರಿಯ ತಲೆಯ, ಬಾಲದ ಬುಡದಲ್ಲಿ ಕೆಂಪು ಬೊಟ್ಟಿರುವ ಪಿಕಳಾರ ಮನೆಯ ಹಿತ್ತಿಲಿನ ಕರಿಬೇವಿನ ಗಿಡಕ್ಕೂ ಬರುತ್ತದೆ. ಚೂಪಾದ ಜುಟ್ಟು, ಕೆನ್ನೆಯಲ್ಲಿ ಕೆಂಪು ಮಚ್ಚೆ ಇರುವ ಕೆಮ್ಮೀಸೆ ಪಿಕಳಾರವೂ ತೋಟಗಳಲ್ಲಿ ಕಾಣಸಿಗುತ್ತದೆ. ಇವುಗಳ ದಾಯಾದಿಯಾದ ಹಳದಿ ಕೊರಳಿನ ಪಿಕಳಾರಕ್ಕೆ ಮಾತ್ರ ಜುಟ್ಟಿಲ್ಲ. ಅದರ ಉದ್ದ ಸುಮಾರು 20 ಸೆಂಟಿಮೀಟರ್. ಮೈಯ ಬಣ್ಣ ಬೂದು ಬೆರೆತ ಹಸುರು. ತಲೆಯಲ್ಲಿ ಹಳದಿ ಛಾಯೆಯಿದ್ದು ಕೊರಳು ಅಚ್ಚ ಹಳದಿಯಾಗಿರುತ್ತದೆ. ಬಾಲದ ಬುಡದ ಕೆಳಭಾಗವೂ ಹಳದಿ. ಹಣ್ಣುಗಳೂ ಹುಳುಹುಪ್ಪಟೆಗಳೂ ಅದರ ಆಹಾರ. ಸ್ವಭಾವತಃ ಅದು ಬಲು ನಾಚಿಕೆಯ ಹಕ್ಕಿ. ಮನುಷ್ಯರ ಸುಳಿವು ಸಿಕ್ಕೊಡನೆ ಪೊದೆಯಿಂದ ಪೊದೆಗೆ ಹಾರಿ ಬಂಡೆಗಳ ಮರೆಗೆ ಸರಿದುಬಿಡುತ್ತದೆ. ಆದುದರಿಂದ ಕಣ್ಣಿಗೆ ಬೀಳುವ ಮೊದಲು ಅದರ ದನಿಯೇ ಕಿವಿಗೆ ಬೀಳುವುದು ಹೆಚ್ಚು.

ಈ ಪಕ್ಷಿಯನ್ನು ವಿಜ್ಞಾನ ಲೋಕಕ್ಕೆ ಪರಿಚಯಿಸಿದವನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ವೈದ್ಯನಾಗಿದ್ದ ಜೆರ್ಡನ್. ಮದರಾಸು ಪ್ರಾಂತದಲ್ಲಿ ಸೇವೆ ಸಲ್ಲಿಸುತ್ತ, ಬಿಡುವಿನ ವೇಳೆಯಲ್ಲಿ ದಕ್ಷಿಣ ಭಾರತದ ಪ್ರಾಣಿಪಕ್ಷಿಗಳನ್ನು ಅಭ್ಯಾಸ ಮಾಡುತ್ತಿದ್ದ ಆತನು 1845ರಲ್ಲಿ ಇದನ್ನು ವರ್ಣಿಸಿದನು. ಅದರ ಶಾಸ್ತ್ರೀಯ ನಾಮ ಪಿಕ್ನೊನೋಟಸ್ ಜ್ಯಾಂಥೊಲೀಮಸ್. ಇದರಲ್ಲಿ ಎರಡನೆಯ ಪದಕ್ಕೆ ಗ್ರೀಕ್ ಭಾಷೆಯಲ್ಲಿ ‘ಹಳದಿ ಕೊರಳಿನದು’ ಎಂದೇ ಅರ್ಥ. ಇಡೀ ಪ್ರಪಂಚದಲ್ಲಿ ಈ ಹಕ್ಕಿ ಇರುವುದು ದಕ್ಷಿಣ ಭಾರತದಲ್ಲಿ ಮಾತ್ರ. ಅಲ್ಲಿಯೂ ಎಲ್ಲೆಡೆ ಇಲ್ಲ. ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡುಗಳ ಕಲ್ಲುಬೆಟ್ಟಗಳ ಇಳಿಜಾರುಗಳಲ್ಲಿಯೂ ಕೇರಳದ ಚಿನ್ನಾರಿನಂಥ ಒಣಕಾಡಿನ ಕೆಲವು ತಾಣಗಳಲ್ಲಿಯೂ ಚದುರಿಹೋಗಿದೆ. ನಮ್ಮ ರಾಜ್ಯದಲ್ಲಿ ನಂದಿಬೆಟ್ಟ, ತುಮಕೂರು ಜಿಲ್ಲೆಯ ದೇವರಾಯನದುರ್ಗ, ಸಾವನದುರ್ಗ, ರಾಮನಗರದ ಬೆಟ್ಟಗಳು ಅದರ ಪ್ರಸಿದ್ಧ ನೆಲೆಗಳು. ಮಿಡಿಗೇಶಿಯ ಸುತ್ತಮುತ್ತಲಿನ ಬೆಟ್ಟಗಳೂ ಅಂಥದೇ ಕಲ್ಲಿನವು, ಅಂಥದೇ ಕುರುಚಲು ಕಾಡನ್ನು ಹೊತ್ತಂಥವು.

ಒಂದೇ ಕುಲದ ಎರಡು ಹಕ್ಕಿಗಳ ಹಣೆಬರಹ ಎಷ್ಟು ಬೇರೆಯಾಗಬಹುದೆಂಬುದನ್ನು ಇಲ್ಲಿ ಗಮನಿಸಬೇಕು. ಹಿತ್ತಿಲಿನ ಕೆಂಪು ಬೊಟ್ಟಿನ ಪಿಕಳಾರವು ಕಾಡು, ಹೊಲ, ತೋಟ, ಪಟ್ಟಣ ಎಲ್ಲಿಗೂ ಒಗ್ಗಿಕೊಳ್ಳುತ್ತದೆ. ಮನುಷ್ಯರು ಅದನ್ನು ಶಾಂತಸಾಗರದ ಫಿಜಿ, ಟೋಂಗಾ, ಹವಾಯಿ ದ್ವೀಪಗಳಿಗೂ ಕೊಂಡೊಯ್ದರು. ಅಲ್ಲಿ ಅದು ಬೆಳೆಗಳಿಗೆ ಹಾನಿ ಮಾಡುವಷ್ಟು ಹೆಚ್ಚಿತು. ಲೋಕದಲ್ಲಿ ಅತಿ ಹೆಚ್ಚು ಉಪದ್ರವ ಕೊಡುವ ನೂರು ಆಗಂತುಕ ಜೀವಿಗಳ ಪಟ್ಟಿಯಲ್ಲಿ ಅದಕ್ಕೂ ಸ್ಥಾನ ದೊರಕಿದೆ. ಹಳದಿ ಕೊರಳಿನ ಪಿಕಳಾರಕ್ಕಾದರೋ ಬೆಟ್ಟದಿಂದ ಇಳಿದು ಪಕ್ಕದ ರಾಗಿ ಹೊಲದಲ್ಲಿ ಮನೆ ಮಾಡುವುದೂ ಆಗದು. ಅದಕ್ಕೆ ರೆಕ್ಕೆಗಳಿವೆ, ಹಾರುವ ಶಕ್ತಿಯೂ ಇದೆ. ಆದರೆ ಹಾರಿ ಹೋಗಿ ಇಳಿಯುವಲ್ಲಿ ಕಲ್ಲು, ಪೊದೆ, ತೇವ, ಹಣ್ಣು ಈ ನಾಲ್ಕೂ ಒಟ್ಟಿಗೆ ಇಲ್ಲದಿದ್ದರೆ ಆ ಹಾರಾಟದಿಂದ ಪ್ರಯೋಜನವಿಲ್ಲ. ಅದನ್ನು ಬಯಲುಸೀಮೆಯ ದ್ವೀಪವಾಸಿ ಎನ್ನುವುದು ಈ ಕಾರಣದಿಂದ.

ಒಂದು ಜೀವಜಾತಿಗೆ ಒದಗಿರುವ ಅಪಾಯದ ಪ್ರಮಾಣವನ್ನು ಅಳೆಯಲು ಒಂದು ಕ್ರಮವಿದೆ. 1948ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 1964ರಿಂದ ‘ಕೆಂಪು ಪಟ್ಟಿ’ ಎಂಬ ದಾಖಲೆಯನ್ನು ಇಟ್ಟುಕೊಂಡು ಬಂದಿದೆ. ರೋಗಿಯ ನಾಡಿ ನೋಡಿ ವೈದ್ಯನು ರೋಗದ ತೀವ್ರತೆಯನ್ನು ಗುರುತಿಸುವಂತೆ, ಈ ಪಟ್ಟಿಯು ಪ್ರತಿಯೊಂದು ಜಾತಿಯ ಸ್ಥಿತಿಯನ್ನು ಗುರುತಿಸುತ್ತದೆ. ಸದ್ಯಕ್ಕೆ ಚಿಂತೆಯಿಲ್ಲದ್ದು, ಅಪಾಯದ ಸಮೀಪದಲ್ಲಿರುವುದು, ಅಪಾಯಕ್ಕೆ ಈಡಾಗಬಲ್ಲದ್ದು, ಅಪಾಯದಲ್ಲಿರುವುದು, ಘೋರ ಅಪಾಯದಲ್ಲಿರುವುದು, ಕಾಡಿನಲ್ಲಿ ಅಳಿದು ಮನುಷ್ಯರ ಪೋಷಣೆಯಲ್ಲಿ ಮಾತ್ರ ಉಳಿದಿರುವುದು, ಸಂಪೂರ್ಣವಾಗಿ ನಿರ್ವಂಶವಾದದ್ದು ಎಂಬವು ಅದರ ಮೆಟ್ಟಿಲುಗಳು.

ಯಾವ ಜಾತಿ ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ಕೇವಲ ಊಹೆಯಿಂದ ತೀರ್ಮಾನಿಸುವುದಿಲ್ಲ. ಎಷ್ಟು ಪ್ರಾಣಿಗಳು ಉಳಿದಿವೆ, ಅವುಗಳ ಸಂಖ್ಯೆ ಎಷ್ಟು ಬೇಗ ಇಳಿಯುತ್ತಿದೆ, ಅವು ಹರಡಿರುವ ಪ್ರದೇಶವೆಷ್ಟು, ಆ ಪ್ರದೇಶ ಅಖಂಡವಾಗಿದೆಯೋ ಚೂರುಚೂರಾಗಿದೆಯೋ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕು. ಉದಾಹರಣೆಗೆ, ಹತ್ತು ವರ್ಷಗಳಲ್ಲಿ ಅಥವಾ ಮೂರು ತಲೆಮಾರುಗಳಲ್ಲಿ, ಇವೆರಡರಲ್ಲಿ ಯಾವುದು ದೀರ್ಘವೋ ಆ ಅವಧಿಯಲ್ಲಿ, ಒಂದು ಜಾತಿಯ ಸಂಖ್ಯೆ ನೂರಕ್ಕೆ ಮೂವತ್ತರಷ್ಟು ಇಳಿದರೆ ಅದು ‘ಅಪಾಯಕ್ಕೆ ಈಡಾಗಬಲ್ಲದ್ದು’ ಎನಿಸಬಹುದು. ಮತ್ತೊಂದು ಬಗೆಯಲ್ಲಿ, ಸಂತಾನಯೋಗ್ಯ ಪ್ರಾಣಿಗಳು 10,000ಕ್ಕಿಂತ ಕಡಿಮೆ ಉಳಿದು, ಅವೂ ಸಣ್ಣ ಸಣ್ಣ ಗುಂಪುಗಳಾಗಿ ಚದುರಿ, ಇಳಿಯುತ್ತಲೇ ಇದ್ದರೆ ಆಗಲೂ ಅದೇ ವರ್ಗಕ್ಕೆ ಸೇರಬಹುದು.

ಹಳದಿ ಕೊರಳಿನ ಪಿಕಳಾರವನ್ನು ಕೆಂಪು ಪಟ್ಟಿಯು ‘ಅಪಾಯಕ್ಕೆ ಈಡಾಗಬಲ್ಲದ್ದು’ ಎಂಬ ವರ್ಗದಲ್ಲಿ ಇರಿಸಿದೆ. ಅದರ ಸಂಖ್ಯೆ ಕಡಿಮೆಯಿರುವುದು, ಇಳಿಮುಖವಾಗಿರುವುದು ಮತ್ತು ನೆಲೆಗಳು ಬಿಡಿಬಿಡಿಯಾಗಿರುವುದು ಇದಕ್ಕೆ ಕಾರಣ. ಈ ಮೂರನೆಯ ಕಾರಣವನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಸಾವಿರ ಹಕ್ಕಿಗಳು ಒಂದೇ ದೊಡ್ಡ ಕಾಡಿನಲ್ಲಿವೆ ಎಂದು ಭಾವಿಸೋಣ. ಒಂದು ಮೂಲೆಯಲ್ಲಿ ಬೆಂಕಿ ಬಿದ್ದರೆ ಅಲ್ಲಿಯ ಹಕ್ಕಿಗಳು ಇನ್ನೊಂದು ಮೂಲೆಗೆ ಹೋಗುತ್ತವೆ. ಕಾಡು ಚಿಗುರಿದ ಮೇಲೆ ಹಿಂದಿರುಗುತ್ತವೆ. ಅದೇ ಸಾವಿರ ಹಕ್ಕಿಗಳು ಐವತ್ತು ಬೆಟ್ಟಗಳಲ್ಲಿ ಇಪ್ಪತ್ತಿಪ್ಪತ್ತರಂತೆ ಹಂಚಿಹೋಗಿದ್ದರೆ ಲೆಕ್ಕ ಬೇರೆ. ಒಂದು ಬೆಟ್ಟದ ಇಪ್ಪತ್ತು ಹಕ್ಕಿಗಳು ಅಳಿದರೆ ಉಳಿದವುಗಳ ಸಂಖ್ಯೆ 980 ಎಂದು ಕಾಗದದ ಮೇಲೆ ಬರೆದು ಸಮಾಧಾನಪಡಬಹುದು. ಆದರೆ ಆ ಬೆಟ್ಟಕ್ಕೆ ಹೊಸ ಹಕ್ಕಿಗಳು ಬರಬೇಕಾದರೆ ಹತ್ತಿರದಲ್ಲಿ ಇನ್ನೊಂದು ಒಳ್ಳೆಯ ಬೆಟ್ಟವಿರಬೇಕು. ನಡುವಿನ ಬೆಟ್ಟಗಳು ಒಂದೊಂದಾಗಿ ಹಾಳಾದಂತೆ ಉಳಿದವುಗಳ ಅಂತರ ಹೆಚ್ಚುತ್ತದೆ. ಕೊನೆಗೆ ಪ್ರತಿಯೊಂದು ಬೆಟ್ಟದ ಹಕ್ಕಿಗಳೂ ತಮ್ಮ ತಮ್ಮಲ್ಲಿಯೇ ಬಂದಿಗಳಾಗಿ ಕ್ರಮೇಣ ಕ್ಷೀಣಿಸುತ್ತವೆ. ಹೊಳೆ ದಾಟಲು ಹಾಕಿದ ಕಲ್ಲುಗಳಲ್ಲಿ ನಡುವಿನ ಒಂದನ್ನು ಕಿತ್ತರೆ ದಾರಿಯೆಲ್ಲವೂ ಕೆಟ್ಟಂತೆಯೇ ಸರಿ.

ಬೆಟ್ಟಗಳು ಹಾಳಾಗುವುದು ಹೇಗೆ? ಮೊದಲನೆಯದು ಕಲ್ಲುಗಣಿಗಾರಿಕೆ. ಮನೆಯ ಅಡಿಪಾಯಕ್ಕೆ ಸೈಜುಗಲ್ಲು ಬೇಕು. ರಸ್ತೆಗೆ ಜಲ್ಲಿ ಬೇಕು. ನಯಗೊಳಿಸಿದ ಗ್ರಾನೈಟ್ ಹಾಸುಗಲ್ಲಿಗೆ ಊರಿನಲ್ಲಿಯೂ ಪರದೇಶದಲ್ಲಿಯೂ ಬೇಡಿಕೆಯಿದೆ. ಎಷ್ಟೋ ಸಂಸಾರಗಳು ಕಲ್ಲು ಒಡೆದೇ ಹೊಟ್ಟೆ ಹೊರೆಯುತ್ತಿವೆ. ಆದುದರಿಂದ ಕಲ್ಲನ್ನೇ ಮುಟ್ಟಬಾರದೆಂದು ಹೇಳುವುದು ಸುಲಭವಲ್ಲ, ನ್ಯಾಯವೂ ಅಲ್ಲ. ಆದರೆ ಒಂದು ಮಾತನ್ನು ಮರೆಯಬಾರದು. ಕಡಿದ ಮರ ಚಿಗುರಬಹುದು. ಮೇಯ್ದ ಹುಲ್ಲು ಮತ್ತೆ ಬೆಳೆಯಬಹುದು. ಬತ್ತಿದ ಕೆರೆ ಮಳೆ ಬಂದರೆ ತುಂಬಬಹುದು. 250 ಕೋಟಿ ವರ್ಷಗಳ ಬೆಟ್ಟವನ್ನು ಸಿಡಿಮದ್ದಿಟ್ಟು ಒಡೆದ ಮೇಲೆ ಅದು ಮರಳಿ ಬೆಳೆಯುವುದಿಲ್ಲ. ಗಣಿಯ ಗುಂಡಿಯಲ್ಲಿ ನೀರು ನಿಂತೀತು; ಆದರೆ ಅಲ್ಲಿದ್ದ ಇಳಿಜಾರು, ಸಂದು, ಪೊದೆ, ದೊಣೆಗಳು ಎಂದೆಂದಿಗೂ ಇಲ್ಲವಾಗುತ್ತವೆ.

ಎರಡನೆಯದು ಸೌದೆ ಕಡಿಯುವುದು ಮತ್ತು ಮಿತಿಮೀರಿದ ಮೇವು. ಒಲೆಗೆಂದು ಪೊದೆಗಳನ್ನು ಬುಡಸಹಿತ ಕಡಿದರೆ, ಚಿಗುರಿದ್ದನ್ನೆಲ್ಲ ಆಡುಗಳು ತಿಂದರೆ ಹಕ್ಕಿಗೆ ಮರೆಯೂ ಇಲ್ಲ, ಹಣ್ಣೂ ಇಲ್ಲ. ಮೂರನೆಯದು ಬೆಂಕಿ. ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಬೆಂಕಿಯಿಟ್ಟರೆ ಮುಂಗಾರಿಗೆ ಒಳ್ಳೆಯ ಮೇವು ಬರುತ್ತದೆಂಬ ನಂಬಿಕೆ ಹಲವು ಕಡೆ ಇದೆ. ಆ ಬೆಂಕಿಯಲ್ಲಿ ಹುಲ್ಲಿನೊಡನೆ ಎಳೆಯ ಸಸಿಗಳೂ ಹಣ್ಣಿನ ಪೊದೆಗಳೂ ಸುಟ್ಟುಹೋಗುತ್ತವೆ. ನಾಲ್ಕನೆಯದು, ಒಳ್ಳೆಯ ಉದ್ದೇಶದಿಂದ ಆಗುವ ಕೇಡು. ಕುರುಚಲು ಕಾಡನ್ನು ಪಾಳುಭೂಮಿಯೆಂದು ಎಣಿಸಿ, ಅದನ್ನು ಸವರಿ, ನೀಲಗಿರಿ ಮೊದಲಾದ ಹೊರಗಿನ ಮರಗಳನ್ನು ಸಾಲಾಗಿ ನೆಟ್ಟರೆ ನೋಡಲು ಬೆಟ್ಟ ಹಸುರಾಗುತ್ತದೆ. ಪಿಕಳಾರದ ಪಾಲಿಗೆ ಮಾತ್ರ ಅದು ಬಂಜರಾಗುತ್ತದೆ. ಇವುಗಳ ಜೊತೆಗೆ, ಹೆಸರಾಂತ ಬೆಟ್ಟಗಳಲ್ಲಿ ವಾಹನಗಳ ಸಂದಣಿಯೂ ಪ್ರವಾಸಿಗರು ಬಿಸುಟ ಕಸವೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ.

ಇಷ್ಟೆಲ್ಲ ಕೇಳಿದ ಮೇಲೆ, ‘ಒಂದು ಹಕ್ಕಿ ಹೋದರೆ ಹೋಗಲಿ, ನಮಗೇನು ನಷ್ಟ?’ ಎಂದು ಯಾರಾದರೂ ಕೇಳಬಹುದು. ಅದನ್ನು ತಳ್ಳಿಹಾಕದೆ ಉತ್ತರಿಸಬೇಕು. ಪಿಕಳಾರವು ಹಣ್ಣನ್ನು ತಿಂದು ಬೀಜವನ್ನು ದೂರದಲ್ಲಿ ಹಿಕ್ಕೆಯೊಡನೆ ಬೀಳಿಸುತ್ತದೆ. ಬಂಡೆಯ ಸಂದಿನಲ್ಲಿ ಆಲ, ಬಸರಿಗಳು ಮೊಳೆಯುವುದು ಯಾರೂ ನೆಟ್ಟುದರಿಂದಲ್ಲ. ಇಂಥ ಹಕ್ಕಿಗಳ ಕೃಪೆಯಿಂದ. ಆ ಗಿಡಮರಗಳ ಬೇರುಗಳು ಬೆಟ್ಟದ ಮಣ್ಣನ್ನು ಹಿಡಿದಿಡುತ್ತವೆ. ಮಳೆನೀರು ರಭಸದಿಂದ ಹರಿದುಹೋಗದಂತೆ ತಡೆದು ಇಂಗಿಸುತ್ತವೆ. ಬೆಟ್ಟದಿಂದ ಇಳಿವ ನೀರೇ ಕೆಳಗಿನ ಕೆರೆಕಟ್ಟೆಗಳಿಗೂ ಬಾವಿಗಳಿಗೂ ಜೀವಾಳ. ಜಯಮಂಗಲಿ ನದಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳ ಮೂಲಕ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಅದು ಹುಟ್ಟುವುದು ಹಳದಿ ಕೊರಳಿನ ಪಿಕಳಾರ ವಾಸಿಸುವ ದೇವರಾಯನದುರ್ಗದ ಬೆಟ್ಟಗಳಲ್ಲಿಯೇ. ಮಳೆ ಕಡಿಮೆಯಿರುವ, ಮೇಲಿಂದ ಮೇಲೆ ಬರಗಾಲಕ್ಕೆ ತುತ್ತಾಗುವ ಈ ಸೀಮೆಯಲ್ಲಿ ಬೆಟ್ಟದ ಆರೋಗ್ಯವೂ ಊರಿನ ಆರೋಗ್ಯವೂ ಬೇರೆ ಬೇರೆಯಲ್ಲ. ಹಕ್ಕಿ ಉಳಿದಿದೆಯೆಂದರೆ ಬೆಟ್ಟ ಇನ್ನೂ ಜೀವಂತವಾಗಿದೆಯೆಂದು ಅರ್ಥ.

ನಿರಾಶರಾಗಬೇಕಾದ ಕಾರಣವೇನೂ ಇಲ್ಲ. ಡೋಡೊ ಅಳಿದ ಮಾರಿಷಸ್ ದ್ವೀಪದಲ್ಲಿಯೇ ಇನ್ನೊಂದು ಹಕ್ಕಿ ಸಾವಿನ ಬಾಗಿಲಿನಿಂದ ಹಿಂದಿರುಗಿತು. ಆ ದ್ವೀಪದಲ್ಲಿ ಮಾತ್ರ ಇರುವ ಮಾರಿಷಸ್ ಚಾಣವು 1974ರಲ್ಲಿ ಕಾಡಿನಲ್ಲಿ ಕೇವಲ ನಾಲ್ಕು ಉಳಿದಿದ್ದುದು ತಿಳಿದುಬಂದಿತ್ತು. ಕಾರ್ಲ್ ಜೋನ್ಸ್ ಮತ್ತು ಅವರ ಸಂಗಡಿಗರು ಮೊಟ್ಟೆಗಳನ್ನು ಕಾಪಾಡಿ, ಮರಿಗಳನ್ನು ಸಾಕಿ ಬೆಳೆಸಿ ಕಾಡಿಗೆ ಬಿಟ್ಟರು. ಮುಂದೆ ಅವುಗಳ ಸಂಖ್ಯೆ ನೂರುಗಳಿಗೆ ಏರಿತು. ನಮ್ಮ ಪಿಕಳಾರದ ಸ್ಥಿತಿ ಅಷ್ಟು ದಾರುಣವಾಗಿಲ್ಲ. ಸುಬ್ರಮಣ್ಯ, ಪ್ರಸಾದ್, ಕಾರ್ತಿಕೇಯನ್ ಎಂಬ ಪಕ್ಷಿತಜ್ಞರು ದಕ್ಷಿಣ ಭಾರತದ ಬೆಟ್ಟಗಳಲ್ಲಿ ಈ ಹಕ್ಕಿಯನ್ನು ಹುಡುಕಿ, ತಮ್ಮ ಅಧ್ಯಯನವನ್ನು 2006ರಲ್ಲಿ ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಿಂದೆ ತಿಳಿದಿದ್ದುದಕ್ಕಿಂತ ಹೆಚ್ಚು ನೆಲೆಗಳಲ್ಲಿ ಅದು ಇದೆಯೆಂಬ ಸಂಗತಿ ಅದರಿಂದ ಹೊರಬಂದಿತು. ಹುಡುಕುವ ಕಣ್ಣಿದ್ದರೆ ಮಾತ್ರ ಇರುವ ಸಂಪತ್ತು ತಿಳಿಯುತ್ತದೆ. ತಿಳಿದರೆ ಮಾತ್ರ ಅದನ್ನು ಕಾಪಾಡಲು ಸಾಧ್ಯ.

ಕಾನೂನಿನ ಬೆಂಬಲವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ ಪಿಕಳಾರಗಳನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ. ಬೆಟ್ಟಬಯಲುಗಳನ್ನೇ ಕಾಪಾಡಿದ ನಿದರ್ಶನಗಳೂ ನಮ್ಮಲ್ಲಿವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ರಾಮನಗರದ ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದುಗಳ ಧಾಮವಾಯಿತು. ತುಮಕೂರು ಜಿಲ್ಲೆಯ ತಿಮ್ಲಾಪುರದ ಕಾಡಿಗೂ ವನ್ಯಜೀವಿ ಧಾಮದ ಮನ್ನಣೆ ದೊರೆತಿದೆ. ಇವೆಲ್ಲ ಒಳ್ಳೆಯ ಆರಂಭ. ಆದರೆ ಪಿಕಳಾರದಂಥ ಹಕ್ಕಿಗೆ ಎಲ್ಲೋ ಒಂದು ಧಾಮವಿದ್ದರೆ ಸಾಲದು. ಅದು ನೂರಾರು ಬೆಟ್ಟಗಳ ನಿವಾಸಿ. ಅವುಗಳಲ್ಲಿ ಬಹುಪಾಲು ಬೆಟ್ಟಗಳು ಯಾವುದೋ ಊರಿನ ಮಗ್ಗುಲಲ್ಲಿ, ಯಾವ ಕಾವಲೂ ಇಲ್ಲದೆ ನಿಂತಿವೆ. ಅವುಗಳಿಗೆ ನಿಜವಾದ ಕಾವಲು ಆ ಊರಿನ ಜನರೇ.

ಹಿಂದೆ ಪಾಳೆಯಗಾರರು ಈ ಬೆಟ್ಟಗಳ ಮೇಲೆ ಕೋಟೆ ಕಟ್ಟಿದರು. ಅಪಾಯ ಬಂದಾಗ ಬಯಲಿನ ಜನ ಬೆಟ್ಟವನ್ನೇರಿ ಕಲ್ಲಿನ ಮರೆಯಲ್ಲಿ ಪ್ರಾಣ ಉಳಿಸಿಕೊಳ್ಳುತ್ತಿದ್ದರು. ಆ ಕಾಲ ಹೋಯಿತು, ಕೋಟೆಗಳು ಪಾಳುಬಿದ್ದವು. ಆದರೆ ಅವುಗಳ ಅಡಿಯ ಬೆಟ್ಟಗಳು ಇಂದಿಗೂ ಕೋಟೆಗಳೇ ಆಗಿವೆ. ನಾಚಿಕೆಯ ಪುಟ್ಟ ಹಕ್ಕಿಯೊಂದು ಅವುಗಳ ಕಲ್ಲುಸಂದಿಯಲ್ಲಿ, ಮುಳ್ಳುಪೊದೆಯಲ್ಲಿ ಆಶ್ರಯ ಪಡೆದಿದೆ. ಈ ಕೋಟೆಗೆ ಹೊರಗಿನಿಂದ ದಂಡು ಬರುವುದಿಲ್ಲ. ಅದನ್ನು ಕೆಡಹುವವರೂ ನಾವೇ, ಕಾಯಬೇಕಾದವರೂ ನಾವೇ. ಮುಂದೊಂದು ಮಳೆಗಾಲದ ಮುಂಜಾನೆ ಬೆಟ್ಟ ಹತ್ತಿದ ಹುಡುಗನೊಬ್ಬನಿಗೆ ಮಂಜಿನ ಮೇಲೆ ತೇಲುವ ಆ ದ್ವೀಪಗಳೆಲ್ಲವೂ ಕಾಣಬೇಕು. ಪೊದೆಯೊಳಗಿಂದ ಹಳದಿ ಕೊರಳಿನ ಆ ಹಕ್ಕಿಯ ದನಿಯೂ ಕೇಳಬೇಕು.

ಅಭ್ಯಾಸ

1. ‘ಇನ್ಸೆಲ್‌ಬರ್ಗ್’ ಎಂದರೇನು? ಮಧುಗಿರಿ ಸೀಮೆಯ ಬೆಟ್ಟಗಳಿಗೆ ಈ ಹೆಸರು ಹೇಗೆ ಒಪ್ಪುತ್ತದೆ?
2. ದ್ವೀಪಗಳಲ್ಲಿ ವಾಸಿಸುವ ಪಕ್ಷಿಗಳು ಬೇಗನೆ ಅಳಿದುಹೋಗಲು ಕಾರಣಗಳೇನು?
3. ಕೆಂಪು ಬೊಟ್ಟಿನ ಪಿಕಳಾರಕ್ಕೂ ಹಳದಿ ಕೊರಳಿನ ಪಿಕಳಾರಕ್ಕೂ ಇರುವ ವ್ಯತ್ಯಾಸಗಳನ್ನು ವಿವರಿಸಿರಿ.
4. ‘ಬೆಟ್ಟದ ಆರೋಗ್ಯವೂ ಊರಿನ ಆರೋಗ್ಯವೂ ಬೇರೆ ಬೇರೆಯಲ್ಲ.’ ಈ ಮಾತನ್ನು ಸಮರ್ಥಿಸಿರಿ.
5. ನಿಮ್ಮ ಊರಿನ ಸಮೀಪದ ಬೆಟ್ಟ, ಕೆರೆ ಅಥವಾ ಬನದಲ್ಲಿ ಕಾಣುವ ಹಕ್ಕಿಗಳನ್ನು ಗಮನಿಸಿ, ಒಂದು ಪಟ್ಟಿಯನ್ನು ತಯಾರಿಸಿರಿ.